ಟುಸಿ ಶಾಲೆಗೆ ಹೊರಟ ವೈಭವ

ಜಗಳ ಶುರುವಾದದ್ದು ಕಾಲುಚೀಲದಿಂದ. ಪರಿತೋಷ ಮಗಳ ಒಂದು ಕಾಲಿಗೆ ಹಾಕುವಷ್ಟರಲ್ಲಿ ಟುಸಿ ಇನ್ನೊಂದು ಕಾಲಿನದನ್ನು ಕಿತ್ತೆಸೆಯುತ್ತಿದ್ದಳು. ನಾಲ್ಕು ವರ್ಷದ ಈ ಮಹಾರಾಣಿಗೆ ಹೊಸ್ತಿಲು ದಾಟುವುದೆಂದರೆ ಪ್ರಾಣಸಂಕಟ. ಶಾಲೆಯ ದೊಡ್ಡ ಟೀಚರ್ ಮೊನ್ನೆಯೇ ಹೇಳಿಬಿಟ್ಟಿದ್ದರು: "ಬುಧವಾರದಿಂದ ಮಗು ದಿನಾ ಬರ್ಬೇಕು. ಒಂದು ದಿನ ತಪ್ಪಿದ್ರೂ ಸೀಟು ಬೇರೆಯವರಿಗೆ." ಇವತ್ತೇ ಬುಧವಾರ. ನರ್ಸ್ ಕೆಲಸದ ಹೆಂಡತಿ ಸುಲಗ್ನಾ ಬೆಳಗಿನ ಪಾಳಿಗೆ ಹೊರಡುವಾಗ ಅಂದಿದ್ದಳು: "ಸೀಟು ಹೋದ್ರೆ ನೀವೇ ಆಫೀಸು ಬಿಟ್ಟು ಮಗು ನೋಡ್ಕೊಳ್ಳಿ." ಸುಲಗ್ನಾ ತಮಾಷೆ ಮಾಡುವವಳಲ್ಲ.

ಉತ್ತರ ಕಲ್ಕತ್ತೆಯ ಆ ಗಲ್ಲಿಯಲ್ಲಿ ಮಗು ಅತ್ತರೆ ಸಹಾಯಕ್ಕೆ ಕೊರತೆಯಿಲ್ಲ, ಬೇಡವೆಂದರೂ ಬರುತ್ತದೆ. ಮೊದಲು ಇಳಿದುಬಂದವಳು ಮೇಲಿನ ಮನೆಯ ಮಂಜರಿ ಬೌದಿ, ಗಲ್ಲಿಗೆಲ್ಲ ಅತ್ತಿಗೆ. ಮಕ್ಕಳನ್ನು ಬೆಳೆಸುವ ಬಗೆಯನ್ನು ಫೋನಿನಲ್ಲಿ ಕಲಿಯುತ್ತಿದ್ದಳು. ಮಗ ಹಾಸ್ಟೆಲಿನಲ್ಲಿದ್ದುದರಿಂದ ಆ ವಿದ್ಯೆ ಇನ್ನೂ ಪರೀಕ್ಷೆಗೆ ಕೂತಿರಲಿಲ್ಲ.

"ಬಲವಂತ ಮಾಡ್ಬಾರ್ದು ಪರಿತೋಷ್‌ದಾ. ಎರಡು ಆಯ್ಕೆ ಕೊಡ್ಬೇಕು. ಟುಸಿ ಬಂಗಾರ, ನಡ್ಕೊಂಡು ಹೋಗ್ತೀಯಾ, ರಿಕ್ಷಾದಲ್ಲಾ?"

ಟುಸಿ ಯೋಚಿಸಿದಳು. "ಮಂಚದ ಕೆಳಗೆ," ಎಂದಳು, ಅಲ್ಲಿಗೇ ಹೋದಳು.

ಅಷ್ಟರಲ್ಲಿ ಕೆಳಮನೆಯ ಘೋಷಾಲ್ ಬಾಬು ಮಂಕಿ ಟೋಪಿ ಏರಿಸಿಕೊಂಡು ಬಂದರು. ರೈಲ್ವೆ ಗಾರ್ಡ್ ಆಗಿ ನಿವೃತ್ತರಾದವರು. "ಆಯ್ಕೆಯಂತೆ, ಮಣ್ಣಂತೆ! ನಮ್ಮ ಕಾಲದಲ್ಲಿ ಕಾಲು ಹಿಡಿದು ಎಳೀತಿದ್ರು. ಸರಿಯಯ್ಯಾ ಆಚೆ!" ಎಂದು ಮಂಚದ ಕೆಳಗೆ ನುಸುಳಿದರು. ಟುಸಿ ಆ ಕಡೆಯಿಂದ ಹೊರಬಂದಳು. ಘೋಷಾಲ್ ಬಾಬು ಮಾತ್ರ ಬರಲಿಲ್ಲ, ಸೊಂಟ ಹಿಡಿದುಕೊಂಡಿತ್ತು. ಕೊನೆಗೆ ಅವರನ್ನೇ ಕಾಲು ಹಿಡಿದು ಎಳೆಯಬೇಕಾಯಿತು.

ಈ ಗಲಾಟೆ ನೋಡಿ ಟುಸಿ ನಗುತ್ತಿದ್ದುದೇ ಸಮಯವೆಂದು ಪರಿತೋಷ ಅವಳ ಬಾಯಿಗೊಂದು ಸಂದೇಶ್ ಮಿಠಾಯಿ ತುರುಕಿ, ಹೆಗಲಿಗೇರಿಸಿ, ಓಡಿದ. ಹೊಸ್ತಿಲು ದಾಟಿದ್ದಾಯಿತು! ಆಗ ಅಡುಗೆಮನೆಯಿಂದ ಅವನ ಸೋದರತ್ತೆ ಪಿಸಿಮಾ ಕೂಗಿದರು:

"ಪರಿತೋಷಾ, ನೀರಿನ ಬಾಟ್ಲಿ ತಗೊಂಡ್ಯೇನೋ?"

ಪರಿತೋಷನ ಕಾಲು ಅಲ್ಲೇ ನಿಂತಿತು. ಹೊರಟವರನ್ನು ಹಿಂದಿನಿಂದ ಕರೆದರೆ ಹೋದ ಕೆಲಸ ಕೆಟ್ಟಂತೆಯೇ. ಒಳಗೆ ಬಂದು ಸ್ವಲ್ಪ ಕೂತೇ ಮತ್ತೆ ಹೊರಡಬೇಕು.

"ಅಯ್ಯೋ, ಕರೆದ್ಬಿಟ್ನಲ್ಲಪ್ಪಾ! ಬಾ, ಕೂತ್ಕೋ."

"ಹೊತ್ತಾಯ್ತು ಪಿಸಿಮಾ!"

"ಹಾಗಾದ್ರೆ ಹೋಗು. ಸೀಟು ಹೋದ್ರೆ ನನ್ನ ಮೇಲೆ ಹಾಕ್ಬೇಡ."

ಪರಿತೋಷ ಕೂತ. ಟುಸಿ ಹೆಗಲಿಂದ ಜಾರಿ ಬಾಗಿಲ ಹಿಂದೆ ಸೇರಿಕೊಂಡಳು.

ಅವನಿಗೆ ಅಳು ಬಂತು. ನೆಲದ ಮೇಲೆ ಕುಕ್ಕರಿಸಿ, ಅಷ್ಟು ಹೊತ್ತೂ ಯಾರೂ ಕೇಳದಿದ್ದ ಪ್ರಶ್ನೆ ಕೇಳಿದ: "ಯಾಕಮ್ಮಾ ಹೋಗಲ್ಲ ಅಂತೀಯ?"

"ನಿನ್ನೆ ಸರಸ್ವತೀನ ಡೋಲು ಬಾರಿಸ್ಕೊಂಡು, ಕುಣ್ಕೊಂಡು ಕಳಿಸಿದ್ರಿ. ನನ್ನ ಮಾತ್ರ ಸುಮ್ನೆ ಕಳಿಸ್ತೀರಾ?"

ಗಲ್ಲಿಯ ಕ್ಲಬ್ಬಿನವರು ಹಿಂದಿನ ಸಂಜೆಯಷ್ಟೇ ಸರಸ್ವತಿ ಪೂಜೆಯ ಮೂರ್ತಿಯನ್ನು ಗಂಗೆಗೆ ಬಿಟ್ಟು ಬಂದಿದ್ದರು. ಪೂಜೆಗೆ ಡೋಲು ಬಾರಿಸಲು ಬಂದಿದ್ದ ನಿಮಾಯಿ ಊರಿನ ರೈಲಿಗೆಂದು ಗಂಟು ಕಟ್ಟುತ್ತಿದ್ದ. ಅವನನ್ನು ಎಳೆದು ತಂದದ್ದಾಯಿತು. ಡೋಲಿನ ಮೊದಲ ಪೆಟ್ಟಿಗೇ ಕ್ಲಬ್ಬಿನ ಹುಡುಗರು ಹಲ್ಲುಜ್ಜುತ್ತಲೇ ಬೀದಿಗಿಳಿದರು. ಪಿಸಿಮಾ ಶಂಖ ಊದಿದರು, ಮಂಜರಿ ಬೌದಿ ತಲೆಯ ಮೇಲೆ ಹೂವೆರಚಿದಳು, ಘೋಷಾಲ್ ಬಾಬು ಸೊಂಟ ಹಿಡಿದುಕೊಂಡೇ ಟ್ರಾಫಿಕ್ ನಿಲ್ಲಿಸಿದರು. ಅಪ್ಪನ ಹೆಗಲ ಮೇಲೆ ಟುಸಿ ಕೈಯೆತ್ತಿ ಆಶೀರ್ವದಿಸುತ್ತಾ ಸಾಗಿದಳು.

ಗೇಟು ಮುಚ್ಚುವ ಮೊದಲೇ ಮುಟ್ಟಿದರು. ಟುಸಿ ಹಿಂದಿರುಗಿ ನೋಡದೆ ಒಳಗೆ ನಡೆದಳು. ಡೋಲು ಜೋರಾಯಿತು. ವಿಸರ್ಜನೆಯಲ್ಲಿ ಕೂಗಿ ಕೂಗಿ ಅಭ್ಯಾಸವಾಗಿದ್ದ ಗಂಟಲುಗಳು ತಮ್ಮಷ್ಟಕ್ಕೆ ತಾವೇ ಕೂಗಿದವು: "ಬರೋ ವರ್ಷ ಮತ್ತೆ! ಬರೋ ವರ್ಷ ಮತ್ತೆ!" ಕಣ್ಣಲ್ಲಿ ನೀರು ತುಂಬಿಕೊಂಡು ಪರಿತೋಷನೂ ಕೂಗಿದ.

ಸಂಜೆ ಸುಲಗ್ನಾ ಗಂಡನನ್ನು ಹೊಗಳಿದಳು. ಅಪರೂಪದ ಆ ಹೊಗಳಿಕೆಯಲ್ಲಿ ತೇಲುತ್ತಾ ಅವನು ಮಗಳ ಚೀಲ ಜೋಡಿಸಿಟ್ಟ.

"ಬೇಗ ಮಲಗು ಟುಸಿ, ಬೆಳಿಗ್ಗೆ ಶಾಲೆಗೆ ಹೋಗ್ಬೇಕು."

ಟುಸಿ ಅಪ್ಪನನ್ನು ಮರುಕದಿಂದ ನೋಡಿದಳು.

"ಇವತ್ತೇ ಹೋಗ್ಬಂದ್ನಲ್ಲ ಬಾಬಾ."

"ದಿನಾ ಹೋಗ್ಬೇಕು ಕಣೇ!"

"ಬರೋ ವರ್ಷ ಮತ್ತೆ ಅಂತ ಎಲ್ಲಾರಿಗಿಂತ ಜೋರಾಗಿ ಕೂಗಿದ್ದು ನೀನೇ ಅಲ್ವಾ?" ಎಂದು ಅವಳು ಮುಸುಕೆಳೆದುಕೊಂಡಳು.