ರೊಟ್ಟಿ ಬುಟ್ಟಿಯೊಳಗೆ ನನ್ನ ದನಿ

ನನ್ನ ಫೋನಿಗೆ ಚಾರ್ಜರ್ ಸಿಕ್ಕಿಸುವ ತೂತಿನೊಳಗೆ ಒಂದು ಎಳ್ಳಿನ ಕಾಳು ಕೂತಿದೆ. ಸೂಜಿಯಿಂದ ಎಬ್ಬಿಸಿದರೆ ಬಂದೀತು. ಆದರೆ ಅದರಿಂದ ಚಾರ್ಜ್ ಆಗುವುದಕ್ಕೇನೂ ಅಡ್ಡಿಯಿಲ್ಲ, ಹಾಗಾಗಿ ನಾನೂ ಅದರ ತಂಟೆಗೆ ಹೋಗಿಲ್ಲ. ಸಜ್ಜೆ ರೊಟ್ಟಿಗೆ ಹಚ್ಚಿದ ಎಳ್ಳು ಅದು. ರೊಟ್ಟಿಯ ಎಳ್ಳು ಫೋನಿನೊಳಗೆ ಹೇಗೆ ಹೋಯಿತೆಂದು ರಿಪೇರಿ ಅಂಗಡಿಯವರು ಕೇಳಿದರೆ ನಾನು ಬಾಯಿ ಬಿಡುವವಳಲ್ಲ. ಓದುಗರಿಗೆ ಹೇಳಬಹುದು, ಏಕೆಂದರೆ ಹೇಳುವಾಗ ನನ್ನ ಮುಖ ನಿಮಗೆ ಕಾಣುವುದಿಲ್ಲ.

ನಾನು ಲಿಂಗಸುಗೂರಿನ ಒಂದು ಕಾಲೇಜಿನಲ್ಲಿ ಸಹಾಯಕ ಗ್ರಂಥಪಾಲಕಿ. ಪುಸ್ತಕಗಳ ಮೇಲಿನ ಪ್ರೀತಿಯಿಂದ ಈ ಕೆಲಸ ಹಿಡಿದೆ ಎಂದು ಕೇಳಿದವರಿಗೆ ಹೇಳುತ್ತೇನೆ. ನಿಜವೇನೆಂದರೆ ಮಾತಾಡದೆ ಕೂತರೂ ಯಾರೂ ತಪ್ಪು ತಿಳಿಯದ ಕೆಲಸ ಇದೊಂದೇ. ‘ಮೌನವಾಗಿರಿ’ ಎಂಬ ಬೋರ್ಡು ಮಾಸಿಹೋಗಿತ್ತು. ನಾನು ಸೇರಿದ ಮೇಲೆ ಮಾಡಿಸಿದ ಮೊದಲ ಸುಧಾರಣೆ ಅದಕ್ಕೆ ಹೊಸ ಬಣ್ಣ. ಮನೆ ಇರುವುದು ಸಿಂಧನೂರಿನಲ್ಲಿ. ಬೆಳಿಗ್ಗೆ ಬಸ್ಸು ಹತ್ತಿದರೆ ಮಸ್ಕಿ ದಾಟಿ ಲಿಂಗಸುಗೂರು, ಸಂಜೆ ಅದೇ ದಾರಿಯಲ್ಲಿ ವಾಪಸ್ಸು. ಈ ದಾರಿಯಲ್ಲಿ ಕಾಲುವೆಯ ಗದ್ದೆಗಳು ಮುಗಿದು ಸಜ್ಜೆ, ತೊಗರಿಯ ಹೊಲಗಳು ಶುರುವಾಗುತ್ತವೆ ಎಂದು ನನಗೆ ಗೊತ್ತಿತ್ತು, ಆದರೆ ಆ ಶುರುವಾಗುವ ಜಾಗವನ್ನು ಕಣ್ಣಾರೆ ಕಂಡಿರಲಿಲ್ಲ. ಕಿಟಕಿಯ ಪಕ್ಕ ಕೂರುತ್ತಿದ್ದೆ, ಫೋನು ನೋಡುತ್ತಿದ್ದೆ.

ಫೋನಿನಲ್ಲಿ ನಾನೇನು ಸಿನಿಮಾ ನೋಡುತ್ತಿರಲಿಲ್ಲ. ನೋಡುತ್ತಿದ್ದುದು ಆರೋಗ್ಯ. ಉಣ್ಣುವಾಗಂತೂ ಬೇರೇನನ್ನೂ ನೋಡುತ್ತಿರಲಿಲ್ಲ. ಒಂದು ತುತ್ತನ್ನು ಎಷ್ಟು ಸಲ ಅಗಿಯಬೇಕೆಂದು ವಿವರಿಸುವ ವಿಡಿಯೊವನ್ನು ಅಗಿಯದೆ ನುಂಗುತ್ತ ಪೂರ್ತಿ ನೋಡಿದವಳು ನಾನು. ತಟ್ಟೆ ಖಾಲಿಯಾಗಿ, ಬೆರಳಿಗಂಟಿದ ಅಗುಳು ಒಣಗಿ ಗಟ್ಟಿಯಾದ ಮೇಲೂ, ಎಡಗೈಯಲ್ಲಿ ಫೋನು ಹಿಡಿದು, ಬಲಗೈಯನ್ನು ಗಾಳಿಯಲ್ಲಿ ತೇಲಿಸಿಕೊಂಡು ಕೂತಿರುತ್ತಿದ್ದೆ. ಫೋನಿಗೇ ಒಂದು ಸಮಯದ ಮಿತಿ ಹಾಕಿ ನೋಡಿದೆ. ಮಿತಿ ಮುಗಿದಾಗ ಅದು ‘ಇನ್ನಷ್ಟು ಹೊತ್ತು ಬೇಕೆ?’ ಎಂದು ಬಹಳ ಮರ್ಯಾದೆಯಿಂದ ಕೇಳುತ್ತಿತ್ತು. ಮರ್ಯಾದೆಯಿಂದ ಕೇಳಿದವರಿಗೆ ಬೇಡ ಅನ್ನುವುದು ನನಗೆ ಬರುವುದಿಲ್ಲ. ಕೊನೆಗೆ ಒಂದು ದಿನ ಕೋಣೆಯ ಬಾಗಿಲು ಹಾಕಿಕೊಂಡು ನನ್ನದೇ ದನಿಯನ್ನು ರೆಕಾರ್ಡ್ ಮಾಡಿ ಅಲಾರಮ್ಮಿಗೆ ಹಾಕಿದೆ. ‘ಸಾಕು. ಎಷ್ಟಂತ? ನಾಚಿಕಿ ಬರಂಗಿಲ್ಲೇನು? ಏಳು, ಕೈ ತೊಳಕೋ.’ ಹೊರಗೆ ಯಾರ ಮುಂದೆಯೂ ಬಳಸದ ದನಿ ಅದು. ದಿನಾ ರಾತ್ರಿ ಎಂಟೂವರೆಗೆ, ಪೂರ್ತಿ ಸದ್ದಿನಲ್ಲಿ, ನಿಲ್ಲಿಸುವ ತನಕ ಮತ್ತೆ ಮತ್ತೆ.

ಇದೆಲ್ಲ ನನ್ನೊಬ್ಬಳ ವ್ಯವಹಾರವಾಗಿಯೇ ಉಳಿಯುತ್ತಿತ್ತು, ಅವ್ವನಿಗೆ ಶುಗರ್ ಬರದಿದ್ದರೆ. ನಮ್ಮ ಮನೆಯಲ್ಲಿ ಈಗ ಇರುವುದು ನಾವಿಬ್ಬರೇ. ಅಕ್ಕಿ ಗಿರಣಿಯಲ್ಲಿ ದುಡಿಯುತ್ತಿದ್ದ ಅಪ್ಪನಿಗೂ ಇದೇ ಕಾಯಿಲೆ ಇತ್ತು. ಅದನ್ನು ಅವರು ಮನೆಗೆ ಬಂದ ಬೀಗರ ಹಾಗೆ ನಡೆಸಿಕೊಂಡರು. ಏನು ಕೇಳಿದರೂ ಕೊಟ್ಟರು. ಅದು ಮೊದಲು ಕಾಲಿನ ಒಂದು ಬೆರಳು ತೆಗೆದುಕೊಂಡಿತು, ಆಮೇಲೆ ಅವರನ್ನೇ ಕರೆದುಕೊಂಡು ಹೋಯಿತು. ಹೀಗಾಗಿ ಡಾಕ್ಟರಮ್ಮ ಅವ್ವನ ರಿಪೋರ್ಟು ಓದಿ ತಲೆ ಎತ್ತಿದಾಗ ನನಗೆ ಕೂತ ಕುರ್ಚಿ ಅಲ್ಲಾಡಿದ ಹಾಗಾಯಿತು. ‘ಅನ್ನ ಕಡಿಮಿ ಮಾಡ್ರಿ, ಸಿಹಿ ಬಿಡ್ರಿ, ರೊಟ್ಟಿ ಕಾಳುಪಲ್ಯ ತಿನ್ರಿ, ದಿನಾ ನಡೀರಿ’ ಎಂದರು ಅವರು. ಅವ್ವ ಮಾತ್ರ ಅವಮಾನವಾದವಳ ಹಾಗೆ ಎದ್ದು ಬಂದಳು.

ಅವ್ವನ ಸಿಟ್ಟಿಗೂ ಅರ್ಥವಿತ್ತು. ಅವಳ ತವರು ಸಂತೆಕಲ್ಲೂರು. ಅವಳ ಬಾಲ್ಯದಲ್ಲಿ ಅನ್ನವೆಂಬುದು ಹಬ್ಬಕ್ಕೆ, ಬೀಗರಿಗೆ, ಜ್ವರ ಬಂದವರಿಗೆ. ‘ರೊಟ್ಟಿ ತಿಂದು ತಿಂದು ಸಾಕಾಗಿ ನಾ ಸಿಂಧನೂರಿಗೆ ಲಗ್ನ ಆಗಿ ಬಂದೀನಿ. ಈಗ ಆ ಡಾಕ್ಟರಮ್ಮ ನನ್ನ ಮತ್ತ ತವರಿಗೆ ಕಳಸಾಕತ್ತಾಳ’ ಎಂದಳು ಆಟೋದಲ್ಲಿ. ನಾನು ಫೋನು ತೆಗೆದು, ಅನ್ನ ಹೇಗೆ ರಕ್ತದಲ್ಲಿ ಸಕ್ಕರೆಯಾಗುತ್ತದೆ ಎಂಬ ವಿಡಿಯೊ ತೋರಿಸಲು ಹೋದೆ. ಅವ್ವ ಫೋನನ್ನು ನೋಡಲಿಲ್ಲ, ನನ್ನನ್ನು ನೋಡಿದಳು. ‘ನೀ ಉಣ್ಣೋವಾಗ ಇದನ್ನ ಬಿಡು, ನಾ ಅನ್ನಾ ಬಿಡ್ತೀನಿ. ಆಗ್ತೈತೇನು?’ ಆಟೋ ಗಾಂಧಿ ಸರ್ಕಲ್ ದಾಟುವುದರೊಳಗೆ ಒಪ್ಪಂದವಾಯಿತು. ಮನೆಗೆ ಬಂದ ಕೂಡಲೇ ನನ್ನ ಫೋನು ಅಡುಗೆಮನೆಯ ರೊಟ್ಟಿ ಬುಟ್ಟಿಯಲ್ಲಿ, ಮೇಲಿನ ಬಟ್ಟೆಯ ಕೆಳಗೆ ಮಲಗಬೇಕು. ಇಬ್ಬರ ಊಟ ಮುಗಿದ ಮೇಲೇ ಏಳಬೇಕು. ಜಾಗ ಆರಿಸಿದವಳು ಅವ್ವ. ಅವಳ ಪ್ರಕಾರ ಮನೆಯಲ್ಲಿ ಕಣ್ಣಿಡಲು ಯೋಗ್ಯವಾದ ತಿಜೋರಿ ಅದೊಂದೇ.

ಒಪ್ಪಂದ ಚೆನ್ನಾಗಿಯೇ ನಡೆಯಿತು. ಫೋನಿಲ್ಲದ ಊಟದಲ್ಲಿ ಮೊದಮೊದಲು ಎಡಗೈಗೆ ಕೆಲಸವಿಲ್ಲದೆ ಅದು ತೊಡೆಯ ಮೇಲೆ ಅನಾಥವಾಗಿ ಕೂರುತ್ತಿತ್ತು. ಆಮೇಲೆ ಪುಂಡಿಪಲ್ಯಕ್ಕೆ ಹುಳಿಯಷ್ಟೇ ಅಲ್ಲ, ಬೇರೆ ರುಚಿಯೂ ಇದೆಯೆಂದು ತಿಳಿಯಿತು. ಅವ್ವನ ಮಾತು ಸಿಕ್ಕಿತು. ಅವಳ ತಂಗಿಯರ ಕಥೆ, ಅವಳು ಒಂದು ಸಲ ಬಾವಿಗೆ ಬಿದ್ದ ಕುರಿಮರಿಯನ್ನು ಸೀರೆ ಇಳಿಬಿಟ್ಟು ಎತ್ತಿದ ಕಥೆ, ಇವೆಲ್ಲ ನಾನು ವಿಡಿಯೊ ನೋಡುತ್ತಿದ್ದ ಅಷ್ಟೂ ಕಾಲ ನನ್ನ ಎದುರೇ ಕೂತಿದ್ದವು. ಎಂಟೂವರೆಗೆ ಬುಟ್ಟಿಯೊಳಗಿಂದ ನನ್ನ ದನಿ ಏಳುತ್ತಿತ್ತು. ಅಲಾರಮ್ಮನ್ನು ತೆಗೆದುಹಾಕುತ್ತೇನೆ ಎಂದರೆ ಅವ್ವ ಬಿಡಲಿಲ್ಲ. ‘ಇರ್ಲಿ ಬಿಡು ಬೇ. ಮನ್ಯಾಗ ಬೈಯೋರು ಒಬ್ಬರು ಬೇಕು’ ಎಂದು ನಗುತ್ತಿದ್ದಳು.

ಇಲ್ಲಿ ನಮ್ಮ ಕಡೆಯ ಒಂದು ಪದ್ಧತಿ ಹೇಳಬೇಕು. ನಮ್ಮಲ್ಲಿ ಉಣ್ಣುತ್ತಿರುವವರಿಗೆ ‘ಸಾಕು’ ಅನ್ನಬಾರದು. ಬಡಿಸುವವರು ‘ಇನ್ನೊಂದೀಟು’ ಅನ್ನಬೇಕು, ಉಣ್ಣುವವರು ತಟ್ಟೆಗೆ ಅಡ್ಡ ಕೈ ಹಿಡಿಯಬೇಕು, ಬಡಿಸುವವರು ಕೈಯ ಸಂದಿಯಿಂದ ಹಾಕಬೇಕು. ಪ್ರೀತಿ ಗೊತ್ತಾಗುವುದು ಹೀಗೆ. ಅಪ್ಪ ಉಣ್ಣುವಾಗ ನಾವ್ಯಾರೂ ಸಾಕು ಅನ್ನಲಿಲ್ಲ. ಅನ್ನುವ ಮಾತೇ ನಮ್ಮ ಬಾಯಲ್ಲಿರಲಿಲ್ಲ.

ಶ್ರಾವಣದಲ್ಲಿ ನಮ್ಮ ಓಣಿಯ ಮಠದಲ್ಲಿ ಸಂಜೆ ಪುರಾಣ, ಪುರಾಣ ಮುಗಿದ ಮೇಲೆ ದಾಸೋಹ. ರೊಟ್ಟಿಗಳನ್ನು ಮನೆಮನೆಯವರು ಪಾಳಿಯ ಮೇಲೆ ಮಾಡಿ ಕಳಿಸುತ್ತಾರೆ. ನಮ್ಮ ಸಾಲಿನ ಪಾಳಿ ಬಂದ ದಿನ ಅವ್ವ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ಬಡಿದು, ಬುಟ್ಟಿ ತುಂಬಿ, ಬಟ್ಟೆ ಹೊಚ್ಚಿಟ್ಟು, ತಾನು ಮೊದಲೇ ಪುರಾಣಕ್ಕೆ ಹೋಗಿದ್ದಳು. ಬುಟ್ಟಿಯನ್ನು ಆಮೇಲೆ ತರುವುದು ಪಕ್ಕದ ಮನೆಯ ಶಾಂತಕ್ಕನ ಜವಾಬ್ದಾರಿ. ಇದ್ಯಾವುದೂ ನನಗೆ ಗೊತ್ತಿರಲಿಲ್ಲ. ಬಸ್ಸಿಳಿದು ಬಂದೆ, ರೂಢಿಯಂತೆ ಬಟ್ಟೆಯ ಕೆಳಗೆ ಫೋನು ತೂರಿಸಿದೆ, ಬಚ್ಚಲಿಗೆ ಹೋದೆ. ಹೊರಗೆ ಶಾಂತಕ್ಕ ‘ಒಯ್ತೀನ್ ಬೇ’ ಎಂದದ್ದು ಕೇಳಿಸಿತು. ಕಸದ ಬುಟ್ಟಿಯೋ, ಹಾಲಿನ ಗಿಂಡಿಯೋ ಎಂದುಕೊಂಡು ‘ಹೂಂ’ ಅಂದೆ. ಕಡಿಮೆ ಮಾತಾಡುವವರ ತೊಂದರೆ ಇದು; ಏನನ್ನು ಎಂದು ಕೇಳುವುದಿಲ್ಲ.

ತಟ್ಟೆ ಹಾಕಿಕೊಂಡು ಕೂತಾಗ ಮನೆ ನಿಶ್ಶಬ್ದವಾಗಿತ್ತು. ಅವ್ವ ಇಲ್ಲ. ಕಾಳುಪಲ್ಯದ ಒಂದು ತುತ್ತು ಬಾಯಿಗಿಟ್ಟೆ. ಎಡಗೈ ತಾನಾಗಿಯೇ ಬುಟ್ಟಿಯ ಕಡೆ ಚಾಚಿತು. ಕೈಗೆ ಸಿಕ್ಕಿದ್ದು ನೆಲದ ಮೇಲೆ ದುಂಡಗೆ ಉದುರಿದ್ದ ಹಿಟ್ಟು. ಶಾಂತಕ್ಕ ಒಯ್ದದ್ದು ಏನನ್ನು, ಮಠದ ದಾಸೋಹಕ್ಕೆ ಒಯ್ದದ್ದು ಎಂದು ಆಗ ಹೊಳೆಯಿತು. ತಲೆ ಎತ್ತಿ ಗೋಡೆಯ ಗಡಿಯಾರ ನೋಡಿದೆ. ಎಂಟೂವರೆಗೆ ಸ್ವಲ್ಪವೇ ಬಾಕಿ. ನಾನು ನಮ್ಮ ಓಣಿಯಲ್ಲಿ ಓಡಿದ್ದನ್ನು ಅದುವರೆಗೆ ಯಾರೂ ನೋಡಿರಲಿಲ್ಲ. ಆ ಸಂಜೆ ಕಟ್ಟೆಯ ಮೇಲೆ ಕೂತಿದ್ದವರೆಲ್ಲ ನೋಡಿದರು. ‘ಯಾರಿಗೇನಾತು?’ ಎಂದು ಇಬ್ಬರು ಎದ್ದು ನಿಂತರು ಕೂಡ.

ಮಠದ ಬಾಗಿಲಿಗೆ ಬಂದಾಗ ಪಂಕ್ತಿ ಕೂತಿತ್ತು. ಮೂಲೆಯಲ್ಲಿ ರೊಟ್ಟಿಗಳನ್ನು ಬುಟ್ಟಿ ಸಮೇತ ಒಟ್ಟಿದ್ದರು. ನಾನು ಆ ಕಡೆ ನೋಡಬೇಕಿತ್ತು, ಆದರೆ ನನ್ನ ಕಣ್ಣು ಪಂಕ್ತಿಯಲ್ಲಿ ಕೂತ ಅವ್ವನ ಮೇಲೆ ಬಿತ್ತು. ಅವಳ ತಟ್ಟೆಯ ನಡುವೆ ಗೋಧಿ ಹುಗ್ಗಿ ಗುಡ್ಡವಾಗಿತ್ತು, ಬೆಲ್ಲದ ಬಣ್ಣದ್ದು, ತುಪ್ಪದಿಂದ ಹೊಳೆಯುತ್ತಿತ್ತು. ಬಡಿಸುವ ಬಸಣ್ಣ ಮತ್ತೊಂದು ಸೌಟು ಹಿಡಿದು ಬಗ್ಗಿದ್ದ.

‘ಹಾಕ್ಲೇನ್ ಯಕ್ಕಾ?’

‘ಪ್ರಸಾದಕ್ಕ ಒಲ್ಲೆ ಅನ್ನಾಕ ಬರ್ತೈತೇನಪಾ. ಹಾಕು.’

ಆಗ ಮೂಲೆಯಿಂದ ದನಿ ಬಂತು.

‘ಸಾಕು. ಎಷ್ಟಂತ?’

ಬಸಣ್ಣನ ಸೌಟು ಗಾಳಿಯಲ್ಲೇ ನಿಂತಿತು. ಇಡೀ ಪಂಕ್ತಿಯ ಕೈಗಳು ತಟ್ಟೆಗೂ ಬಾಯಿಗೂ ನಡುವೆ ನಿಂತವು. ‘ನಾಚಿಕಿ ಬರಂಗಿಲ್ಲೇನು?’ ಎಂದಿತು ರೊಟ್ಟಿಯ ಒಟ್ಟಿಲು. ಶಾಂತಕ್ಕನ ಗಂಡ, ನಾನು ಮಾಮಾ ಎಂದು ಕರೆಯುವವರು, ದಿನಾ ಸಂಜೆ ಅಂಗಡಿ ಮುಚ್ಚಿ ಬಸ್‌ಸ್ಟ್ಯಾಂಡಿನಲ್ಲಿ ಫೋನಿನಲ್ಲಿ ಕ್ರಿಕೆಟ್ ನೋಡುತ್ತ ಲೆಕ್ಕವಿಲ್ಲದೆ ಮಿರ್ಚಿ ತಿನ್ನುವವರು, ಕೈಯಲ್ಲಿದ್ದ ತುತ್ತನ್ನು ಮೆಲ್ಲಗೆ ತಟ್ಟೆಗಿಟ್ಟರು. ಅವ್ವ ನನ್ನ ದನಿ ಗುರುತಿಸಿ, ನಾನು ಹಿಂದೆ ನಿಂತಿದ್ದೇನೆಂದು ತಿರುಗಿದಳು. ನಾನು ಬಾಗಿಲಲ್ಲಿ ನಿಂತೇ ಇದ್ದೆ. ಅವಳ ಜೊತೆ ಎಲ್ಲರೂ ನನ್ನ ಕಡೆ ತಿರುಗಿದರು.

‘ಏಳು, ಕೈ ತೊಳಕೋ’ ಎಂದಿತು ಮೂಲೆ.

‘ಯವ್ವಾ, ಈ ಹುಡುಗಿ ಬಾಯಿ ಮುಚಗೊಂಡು ಹೆಂಗ ಮಾತಾಡಾಕತ್ತಾಳ ನೋಡ್ರಿ’ ಎಂದಳು ಕಂಬಕ್ಕೆ ಒರಗಿದ್ದ ಒಬ್ಬ ಮುದುಕಿ.

ಶಾಂತಕ್ಕ ಬುಟ್ಟಿಗೆ ಕೈ ಹಾಕಿ, ಎರಡು ರೊಟ್ಟಿ ಮುರಿದು, ಹಿಟ್ಟು ಮೆತ್ತಿದ ಫೋನನ್ನು ಹೊರಗೆಳೆದಳು. ಅದು ಅವಳ ಕೈಯಲ್ಲೂ ಇನ್ನೊಮ್ಮೆ ಪೂರ್ತಿ ಬೈದು, ನಾನು ಹೋಗಿ ಒತ್ತಿದ ಮೇಲೆ ಸುಮ್ಮನಾಯಿತು. ಭೂಮಿ ಬಾಯಿ ಬಿಟ್ಟರೆ ಇಳಿದುಬಿಡುತ್ತಿದ್ದೆ. ‘ಉಣ್ಣೋರಿಗೆ ಸಾಕು ಅಂತಾರೇನವಾ’ ಎಂದು ಯಾರೋ ಹಿರಿಯರು ಗೊಣಗಿದರು. ನಾನು ತಲೆ ತಗ್ಗಿಸಿ ನಿಂತಿದ್ದಾಗ ಅವ್ವ ತನ್ನ ತಟ್ಟೆಯ ಮೇಲೆ ಎರಡೂ ಕೈ ಅಡ್ಡ ಹಿಡಿದಳು, ಸಂದಿಯಿಲ್ಲದ ಹಾಗೆ.

‘ಆಕಿ ಬರೋಬ್ಬರಿ ಅಂದಾಳ. ನಂಗ ಶುಗರ್ ಐತ್ರಿ. ಬಸಣ್ಣ, ಸಾಕಪಾ.’

ಅವ್ವನ ಕಾಯಿಲೆಯನ್ನು ನಾವು ಓಣಿಯಲ್ಲಿ ಯಾರಿಗೂ ಹೇಳಿರಲಿಲ್ಲ. ಗುಟ್ಟಾಗಿಡೋಣ ಎಂದವಳು ನಾನೇ. ಈಗ ಅವಳು ಪಂಕ್ತಿಯ ನಡುವೆ ಹೇಳಿಬಿಟ್ಟಳು, ಆಕಾಶವೇನೂ ಕಳಚಿ ಬೀಳಲಿಲ್ಲ. ಗೊಣಗಿದ್ದ ಹಿರಿಯರು ತಮ್ಮ ತಟ್ಟೆ ನೋಡಿ, ‘ಹಂಗಂದ್ರ ನಂಗೂ ಐತಿ. ನಂಗೂ ಸಾಕು ಬಿಡು’ ಎಂದರು. ಅತ್ತ ಕಡೆಯಿಂದ ಒಬ್ಬರು, ಇತ್ತ ಕಡೆಯಿಂದ ಇಬ್ಬರು ಕೈ ಅಡ್ಡ ಹಿಡಿದರು. ಬಸಣ್ಣ ಸೌಟು ಹಿಡಿದು ನಡುವೆ ನಿಂತುಬಿಟ್ಟ.

‘ಮತ್ತ ಈ ಕೊಪ್ಪರಿಗಿ ಹುಗ್ಗಿ ನಾ ಯಾರಿಗೆ ಮಾಡೀನ್ರೀ?’ ಎಂದ. ಆಮೇಲೆ ನನ್ನ ಕಡೆ ತಿರುಗಿ, ‘ತಂಗಿ, ಮಂದೀಗೆಲ್ಲಾ ಬೈದು ಎಬ್ಬಿಸೀದಿ. ನೀನರ ಕುಂದ್ರು’ ಎಂದ.

ಕೂತೆ. ಫೋನು ಶಾಂತಕ್ಕನ ಮಡಿಲಲ್ಲಿತ್ತು. ಹುಗ್ಗಿ ಉಂಡೆ, ಮುರಿದ ಸಜ್ಜೆ ರೊಟ್ಟಿ ತಿಂದೆ. ಅಷ್ಟು ಜನರ ನಡುವೆ, ಅಷ್ಟು ನಾಚಿಕೆಯಲ್ಲಿ, ಅಷ್ಟು ರುಚಿಯಾಗಿ ನಾನು ಉಂಡ ನೆನಪಿಲ್ಲ. ಎದ್ದು ಹೋಗುವವರು ಒಬ್ಬೊಬ್ಬರೂ ಅವ್ವನ ಹತ್ತಿರ ನಿಂತು ಯಾವ ಡಾಕ್ಟರು, ಯಾವ ಗುಳಿಗೆ, ಬೆಳಿಗ್ಗೆ ಎಲ್ಲಿ ನಡೆಯುತ್ತೀ ಎಂದು ವಿಚಾರಿಸಿದರು. ಇಬ್ಬರು ಹೆಂಗಸರು ನಡೆಯಲು ಜೊತೆಯಾಗುತ್ತೇವೆ ಎಂದರು. ನಾನೊಬ್ಬಳೇ ಹೊತ್ತುಕೊಂಡಿದ್ದ ಹೆದರಿಕೆಗೆ ಅಷ್ಟು ಹೆಗಲುಗಳು ಸಿಕ್ಕವು. ಅವರಿಗೆಲ್ಲ ಇನ್ನೂ ಥ್ಯಾಂಕ್ಸ್ ಹೇಳಿಲ್ಲ, ಇಲ್ಲಿ ಹೇಳುತ್ತಿದ್ದೇನೆ.

ಮನೆಗೆ ನಡೆದು ಬರುವಾಗ ಅವ್ವ ಖಾಲಿ ಬುಟ್ಟಿಯನ್ನು ಸೊಂಟಕ್ಕಿಟ್ಟುಕೊಂಡಿದ್ದಳು. ಒಪ್ಪಂದ ಮುರಿದದ್ದಕ್ಕೆ ಅವಳನ್ನು ಹೇಗೆ ಕೇಳಲಿ ಎಂದು ನಾನು ಮಾತು ಹೊಂದಿಸುತ್ತಿದ್ದೆ. ಅವಳೇ ಮೊದಲು ಕೇಳಿದಳು.

‘ನೀ ಮನ್ಯಾಗ ಉಣ್ಣಾಕ ಕುಂತಿದ್ದಿ, ಹೌದಿಲ್ಲೋ?’

‘ಹೂಂ.’

‘ಉಣ್ಣೋದು ಮುಗಿದಿದ್ದಿಲ್ಲ.’

‘ಇಲ್ಲ.’

‘ಮತ್ತ ಫೋನ್ ಬುಟ್ಟ್ಯಾಗ ಹೋಗೈತಿ ಅಂತ ನಿಂಗ ಹೆಂಗ ಗೊತ್ತಾತು?’

ನಾನು ಎಡಗೈಯನ್ನು ಮೆಲ್ಲಗೆ ಬೆನ್ನ ಹಿಂದೆ ಸರಿಸಿದೆ. ಅವ್ವ ನಕ್ಕಳು, ದಾರಿಯ ಮಧ್ಯೆ ನಿಂತು ನಕ್ಕಳು. ‘ಹೋಗ್ಲಿ ಬಿಡು. ಇಬ್ಬರೂ ಒಂದ ಹೊತ್ತಿಗೆ ಸಿಕ್ಕಬಿದ್ದೀವಿ’ ಎಂದಳು. ನಮ್ಮ ಬಾಗಿಲ ಹತ್ತಿರ ಬಂದ ಮೇಲೆ, ಚಪ್ಪಲಿ ಬಿಡುತ್ತ, ನನ್ನ ಮುಖ ನೋಡದೆ, ‘ನಿಮ್ಮಪ್ಪಗ ಯಾರರ ಒಬ್ಬರು ಹಿಂಗ ಜೋರಾಗಿ ಅಂದಿದ್ರ…’ ಎಂದಳು. ಬಾಗಿಲು ತಳ್ಳಿ ಒಳಗೆ ಹೋದಳು.

ಮರುದಿನ ಬೆಳಿಗ್ಗೆ ನಾನು ಬಸ್ಸಿಗೆ ಹೊರಡುವ ಹೊತ್ತಿಗೆ ಶಾಂತಕ್ಕ ಗಂಡನ ಫೋನನ್ನು ಸೆರಗಿನಲ್ಲಿ ಮುಚ್ಚಿಕೊಂಡು ಹಿತ್ತಲ ಬಾಗಿಲಿಗೆ ಬಂದಳು. ‘ಅವರು ಜಳಕಕ್ಕ ಹೋಗ್ಯಾರ. ಲಗೂನ ಇದರಾಗ ಒಂದೀಟು ಬೈದು ಕೊಡು ಬೇ, ಸಂಜಿ ಮಿರ್ಚಿ ತಿನ್ನೋ ಹೊತ್ತಿಗೆ ಬರೋ ಹಂಗ. ನಾ ಅಂದ್ರ ಕೇಳಂಗಿಲ್ಲ, ನಿನ್ನಿ ನಿನ್ನ ದನಿಗೆ ತುತ್ತು ಕೆಳಗಿಟ್ರು.’ ಒಲ್ಲೆ ಅನ್ನಲು ಬಾಯಿ ತೆರೆದೆ. ಒಳಗೆ ಅವ್ವ ರೊಟ್ಟಿ ಬಡಿಯುವ ಸದ್ದು ನಿಂತಿತು. ನಾನು ಫೋನನ್ನು ಬಾಯಿಯ ಹತ್ತಿರ ಹಿಡಿದು, ಗಂಟಲು ಸರಿಮಾಡಿಕೊಂಡು, ‘ಸಾಕ್ರಿ ಮಾಮಾ, ಏಳ್ರಿ’ ಎಂದೆ.

‘ಜರಾ ಜೋರ್ ಅನ್ನು ಬೇ’ ಎಂದಳು ಅವ್ವ ಒಲೆಯ ಮುಂದಿನಿಂದ.

ಎರಡನೇ ಸಲ ಓಣಿಗೆಲ್ಲ ಕೇಳುವ ಹಾಗೆ ಅಂದೆ.