‘ನೀವು’ ಹೋಗಿ ‘ನೀನು’ ಬಂದ ದಿನ

ವರ್ಷಕ್ಕೊಮ್ಮೆ ಸೇರುವ ನಕ್ಷತ್ರಪ್ರೇಮಿಗಳಿಗಾಗಿ ಆಕಾಶದಲ್ಲಿ ಸೇತುವೆ ಕಟ್ಟುತ್ತವಲ್ಲ, ಆ ಹಕ್ಕಿಗಳು ಮೊದಲು ಕೊರಿಯಾದ ಜೊಂಜು ಊರಿನ ನನ್ನ ಅಕ್ಕಿಕಡುಬಿನ ಅಂಗಡಿಗೆ ಬಂದು ಸಲಹೆ ಕೇಳಿ ಹೋಗುತ್ತವೆ. ಪ್ರೇಮದಲ್ಲಿ ನನ್ನ ಅನುಭವ ಅಷ್ಟು ದೊಡ್ಡದು.

ನನ್ನ ಮಹಡಿಯ ಬಾಡಿಗೆದಾರ ಮ್ಯಾಂಗ್ ಚಿಸು ಆ ನಕ್ಷತ್ರಪ್ರೇಮಿಗಳ ಹಳೆಯ ಕಥೆಯನ್ನೇ ಈ ಕಾಲಕ್ಕೆ ಇಳಿಸಿ ಕಾದಂಬರಿ ಬರೆಯುತ್ತಿದ್ದ. ಹಳೆಯ ಕಥೆಯ ನೇಯುವ ದೇವಕನ್ಯೆ ಇಲ್ಲಿ ಹೊಲಿಗೆಯವಳಾಗಿದ್ದಳು, ಅವಳ ಪ್ರಿಯಕರನಾದ ದನಗಾಹಿ ಹಾಲಿನ ವ್ಯಾನು ಓಡಿಸುತ್ತಿದ್ದ. ಆದರೆ ಪುಟಗಟ್ಟಲೆ ಕಳೆದರೂ ಇಬ್ಬರೂ ‘ನೀವು’ ಬಿಟ್ಟು ‘ನೀನು’ಗೆ ಬಂದಿರಲಿಲ್ಲ. ಸಂಜೆಯೊಳಗೆ ಅವರಿಬ್ಬರೂ ‘ನೀನು’ ಅನ್ನುವ ಅಧ್ಯಾಯ ಕಳಿಸದಿದ್ದರೆ ಕಾದಂಬರಿಯನ್ನೇ ಕೈಬಿಡುತ್ತೇವೆ ಎಂದು ಪ್ರಕಾಶಕರು ಹೇಳಿಬಿಟ್ಟಿದ್ದರು.

“ಬರೆಯೋಕೇ ಬರ್ತಿಲ್ಲ ಅಣ್ಣಾ,” ಎಂದ ಚಿಸು. “ಎದುರಂಗಡಿ ಹ್ವಾರಾನ್‌ಗೇ ನಾನಿನ್ನೂ ನೀವು ಅಂತಿದ್ದೀನಿ.”

ಹ್ವಾರಾನ್ ಮದುವೆಯ ಉಡುಪು ಹೊಲಿಯುವವಳು. ಕಾದಂಬರಿಯ ನಾಯಕಿ ಯಾರೆಂದು ಅವಳೊಬ್ಬಳನ್ನು ಬಿಟ್ಟು ಬೀದಿಗೆಲ್ಲ ಗೊತ್ತಿತ್ತು.

“ಹೋಗಿ ಒಂದೇ ಉಸಿರಿಗೆ ನೀನು ಅಂದ್ಬಿಡು. ನಾನು ಗೆದ್ದಿದ್ದೇ ಹಾಗೆ,” ಎಂದೆ.

ಧೈರ್ಯಕ್ಕೆಂದು ಒಂದು ಬಟ್ಟಲು ಅಕ್ಕಿಹೆಂಡ ಏರಿಸಿ, ಆಗತಾನೇ ಹುಟ್ಟಿದ ಕರುವಿನಂತೆ ಕಾಲು ಹಾಕುತ್ತಾ ಹೊರಟ. ಅವಳ ಅಂಗಡಿಯಲ್ಲಿ ರೇಷ್ಮೆಯ ರಾಶಿಯ ಹಿಂದೆ ಬಗ್ಗಿದ್ದ ಬೆನ್ನಿಗೆ, “ನೀನಿಲ್ಲದೆ ನಿದ್ದೆ ಬರಲ್ಲ ಕಣೇ,” ಎಂದ.

ಬೆನ್ನು ತಿರುಗಿತು. ಅದು ಹ್ವಾರಾನ್‌ಳ ತಾಯಿಯದು.

“ಯಾರಿಗೋ ನೀನು ಅಂದೆ? ನಿಮ್ಮಪ್ಪನೇ ನನಗೆ ಬಗ್ಗಿ ನಮಸ್ಕಾರ ಮಾಡ್ತಿದ್ದ.”

ಅಳತೆಕೋಲು ಹಿಡಿದು ಅಟ್ಟಿಸಿಕೊಂಡು ಬಂದರು. ಚಿಸು ಓಡಿದ ಓಟಕ್ಕೆ ಸಿಯೋಲ್‌ಗೆ ಹೋಗುವ ರೈಲೂ ಪಕ್ಕಕ್ಕೆ ಸರಿದು ದಾರಿ ಬಿಟ್ಟಿತು. ಕೊನೆಗೆ, ಒಳಗಿನಿಂದ ಎಲ್ಲ ಕೇಳಿಸಿಕೊಂಡಿದ್ದ ಹ್ವಾರಾನ್ ಬಂದು ಕೋಲು ಕಿತ್ತುಕೊಂಡಳು.

“ಅದು ನನಗೆ ಹೇಳೋಕೆ ಬಂದಿದ್ದಾ?”

ಚಿಸು ಹೌದೆಂದು ತಲೆಯಾಡಿಸಿದ.

“ಸರಿ, ಈ ನೀವು ಗೀವು ಬಿಟ್ಟುಬಿಡೋಣ. ನೀವು ಹುಟ್ಟಿದ್ದು ಯಾವ ಪ್ರಾಣಿಯ ವರ್ಷ?”

“ಕೋಳಿ.”

“ನಂದು ಅದರ ಹಿಂದಿನ ವರ್ಷ, ಮಂಗ. ಅಲ್ಲಿಗೆ ನಾನೇ ಒಂದು ವರ್ಷ ದೊಡ್ಡವಳು. ಇವತ್ತಿಂದ ನಾನು ನಿನ್ನ ನೀನು ಅಂತೀನಿ. ನೀನು ನನ್ನ ಅಕ್ಕ ಅನ್ನು. ನಿನ್ನ ಬಾಯಲ್ಲಿ ನೀವು ಹಾಗೇ ಇರಲಿ.”

ಚಿಸು ನೇರ ನನ್ನ ಅಂಗಡಿಗೆ ಬಂದು ಕುಸಿದು ಕೂತ. “ಪ್ರಕಾಶಕರಿಗೆ ಏನಂತ ಬರೀಲಿ? ಅಕ್ಕ-ತಮ್ಮನ ಕಥೆ ಅಂತಲಾ? ಅತ್ತಿಗೇನ ನೀವು ಹೇಗೆ ಗೆದ್ರಿ, ಅದನ್ನಾದ್ರೂ ಹೇಳಿ.”

“ಒಂದೇ ನೋಟಕ್ಕೆ...” ಎಂದು ನಾನು ಶುರುಮಾಡಿದ್ದಷ್ಟೇ, ಒಳಗಿನಿಂದ ಹೆಂಡತಿಯ ದನಿ ಬಂತು: “ಏಯ್, ಅಕ್ಕಿ ನೆನೆಸಿದ್ಯೇನೋ?”

“ನೆನೆಸಿದ್ದೀನ್ರೀ, ಬಂದೆ,” ಎಂದುಬಿಟ್ಟಿತು ನನ್ನ ಬಾಯಿ.

ಚಿಸು ನನ್ನ ಮುಖವನ್ನೇ ನೋಡಿದ. ಇನ್ನು ಮುಚ್ಚಿಟ್ಟು ಫಲವಿರಲಿಲ್ಲ.

“ಅವರೂ ನನಗಿಂತ ದೊಡ್ಡವರು ಕಣೋ,” ಎಂದೆ ಮೆಲ್ಲಗೆ. “ಈ ಮನೇಲಿ ನಾನು ನೀನು ಅನ್ನೋದು ನಾಯಿಗೆ ಮಾತ್ರ. ಅದೂ ಅವರು ಮಾರುಕಟ್ಟೆಗೆ ಹೋದಾಗ.”