ಕೆಂಡಲ್ ಪಾರ್ಕಿನಲ್ಲಿ ಬಿಜಾಪುರ ಬೀಳಲಿಲ್ಲ

ಆದಿಲಶಾಹಿ ಸಾಮ್ರಾಜ್ಯದ ಪತನವನ್ನು ಕಡಲಾಚೆಯ ಕೆಂಡಲ್ ಪಾರ್ಕ್ ಊರಿನ ನಮ್ಮ ಕನ್ನಡ ಬಳಗದ ಕಾರ್ಯಕಾರಿ ಸಮಿತಿಯು ಸರ್ವಾನುಮತದಿಂದ ಮುಂದೂಡಿದೆ.

ಪತನವನ್ನು ಬರೆದವರು ಬಿಜಾಪುರದ ಸಲ್ಮಾ ಆಂಟಿ. ಮೊಘಲರು ಕೋಟೆ ಮುತ್ತಿದಾಗ ಒಳಗೆ ಸಿಕ್ಕಿಬಿದ್ದ ಸರದಾರನೊಬ್ಬನ ಮನೆಯ ಕಥೆಯನ್ನು ರಾಜ್ಯೋತ್ಸವಕ್ಕೆಂದು ನಾಟಕ ಮಾಡಿಕೊಟ್ಟಿದ್ದರು. ಅವರ ಜೀವವೆಲ್ಲ ಇದ್ದದ್ದು ಕೊನೆಯ ದೃಶ್ಯದಲ್ಲಿ. ಕೋಟೆ ಬಿದ್ದ ಸಂಜೆ ಸರದಾರನ ತಾಯಿ ಇದ್ದೊಂದು ರೊಟ್ಟಿಯನ್ನು ಮೂವರು ಸೊಸೆಯರಿಗೆ ಮುರಿದು ಹಂಚಿ, "ನಂದು ಊಟ ಆಗೈತಿ" ಎಂದು ಸುಳ್ಳು ಹೇಳುತ್ತಾಳೆ. ಆ ಮಾತು ಸಲ್ಮಾ ಅವರ ಅಜ್ಜಿಯದು.

ಮೊದಲ ತೊಡಕು ಸೊಸೆಯರಿಂದಲೇ ಬಂತು. ಮೂವರೂ ಸರದಾರನೊಬ್ಬನ ಹೆಂಡಿರು.

"ಆಂಟಿ, ಸ್ಟೇಜ್ ಹತ್ತೋ ಪ್ರತಿ ಫ್ಯಾಮಿಲಿಗೂ ಮೆಂಬರ್‌ಶಿಪ್ ಇರಬೇಕು," ಎಂದರು ಕಾರ್ಯದರ್ಶಿ ಮುಕುಂದ್. "ಫ್ಯಾಮಿಲಿ ಅಂದ್ರೆ ಗಂಡ, ಒಬ್ಬ ಹೆಂಡತಿ, ಮಕ್ಕಳು, ಇಂಡಿಯಾದಿಂದ ಬಂದ ಅಪ್ಪ ಅಮ್ಮ."

"ಸರದಾರಗೂ ಇದೇ ರೂಲ್ ಏನ್ರೀ?"

"ಸರದಾರ ಅಂತ ಬಿಟ್ರೆ ನಾಳೆ ಎಲ್ಲರೂ ಸರದಾರರೇ ಆಗ್ತಾರೆ."

ಅದರಂತೆ ಹಿರಿಯ ಬೇಗಮ್ ಹೆಂಡತಿಯಾಗಿ ಉಳಿದಳು. ಸದಸ್ಯರ ಪಟ್ಟಿಯಲ್ಲಿ ಎರಡನೆಯವಳನ್ನು ವಿದ್ಯಾರ್ಥಿನಿಯೆಂದೂ ಮೂರನೆಯವಳನ್ನು ವೀಸಾ ಮೇಲೆ ಬಂದ ವಿಸಿಟರ್ ಎಂದೂ ದಾಖಲಿಸಲಾಯಿತು. ವಿಸಿಟರ್ ಆದವಳು ಆರು ತಿಂಗಳೊಳಗೆ ಕೋಟೆ ತೆರವು ಮಾಡತಕ್ಕದ್ದು.

ಇನ್ನು ಹಿಲ್ಸ್‌ಬರೋದಿಂದ ಮಾನ್ಮತ್ ಜಂಕ್ಷನ್‌ವರೆಗೆ ಸುತ್ತಲಿನ ಯಾವ ಊರಿನ ತಾಯಿಯೂ ಮಗಳನ್ನು ದಾಸಿ ಮಾಡಲು ಒಪ್ಪಲಿಲ್ಲ. ರೇಷ್ಮೆ ಲಂಗ ಆಗಲೇ ಹೊಲಿಸಿಯಾಗಿತ್ತು. ದಾಸಿಯಾಗದ ಹುಡುಗಿಯರೆಲ್ಲ ಮಗಳ ಪಾತ್ರಕ್ಕೇ ಬಂದು, ಸರದಾರನಿಗೆ ಹೆಣ್ಣುಮಕ್ಕಳು ಹುಟ್ಟುತ್ತಲೇ ಹೋದರು. ಮೊಘಲ್ ಸೈನ್ಯಕ್ಕೆ ಸಿಕ್ಕವರು ಶರಣಬಸಪ್ಪ ಅಂಕಲ್ ಒಬ್ಬರೇ. ಅವರಿಗೂ ಮಂಡಿನೋವು.

"ನಾ ಒಬ್ಬಾಂವ ಕೋಟಿ ಹ್ಯಾಂಗ ತಗೊಳ್ಳಲಿ, ಸಲ್ಮಾಕ್ಕ?"

"ಸಾವಕಾಶ ತಗೊಳ್ರಿ. ಒಟ್ಟು ಬಿದ್ರ ಸಾಕು."

ಆದರೆ ಮಕ್ಕಳಿರುವ ಜಾಗಕ್ಕೆ ಹೊರಗಿನವರು ಬರಬೇಕಾದರೆ ಪೊಲೀಸ್ ದಾಖಲೆ ನೋಡುವ ಬ್ಯಾಕ್‌ಗ್ರೌಂಡ್ ಚೆಕ್ ಕಡ್ಡಾಯ. ಮೊಘಲರದು ಆಗಿರಲಿಲ್ಲ. ಪ್ರದರ್ಶನದ ದಿನ ಶರಣಬಸಪ್ಪನವರು ಖಡ್ಗ ಹಿಡಿದು ಹಾಲ್ ಬಾಗಿಲ ಹೊರಗೆ ಕುರ್ಚಿ ಹಾಕಿಕೊಂಡು ಕೂತರು.

"ಕೋಟಿನ ಬೀಳ್ಲಿಲ್ಲಂದ್ರ ನಾ ರೊಟ್ಟಿ ಯಾಕ ಹಂಚ್ಲಿ?" ತಾಯಿಯ ವೇಷದಲ್ಲಿದ್ದ ಸಲ್ಮಾ ಕೈಯಲ್ಲಿದ್ದ ರೊಟ್ಟಿ ತೋರಿಸಿದರು.

"ಕರೆಕ್ಟ್ ಆಂಟಿ. ಅದಕ್ಕೇ ಆ ಸೀನ್ ತೆಗೆದು ಗ್ರೂಪ್ ಫೋಟೋ ಇಟ್ಟಿದ್ದೀವಿ," ಎಂದರು ಮುಕುಂದ್.

ಸಾಮ್ರಾಜ್ಯ ಫೋಟೋಗೆ ನಿಂತಿತು. ಚಪ್ಪಾಳೆ ಜೋರಾಗಿತ್ತು.

ಸಲ್ಮಾ ಬಿಡಲಿಲ್ಲ, ಬಳಗದ ಚುನಾವಣೆಗೇ ನಿಂತರು. ಭರವಸೆ ಒಂದೇ: ಬಿಜಾಪುರ ಬಿದ್ದೇ ಬೀಳುತ್ತದೆ. ಕಾರ್ಯದರ್ಶಿಯ ಕೆಲಸ ಬೇರೆ ಯಾರಿಗೂ ಬೇಡವಾಗಿದ್ದರಿಂದ ಅವಿರೋಧವಾಗಿ ಗೆದ್ದರು.

ಮರುದಿನ ಸುಪ್ರಿಯಾ ಎಂಬ ತಾಯಿಯ ಫೋನ್ ಬಂತು. "ಬೀಳಲಿ ಆಂಟಿ, ನಮ್ದೇನೂ ಅಬ್ಜೆಕ್ಷನ್ ಇಲ್ಲ. ಆದ್ರೆ ಮೊಘಲರಿಗೆ ಎಷ್ಟು ಜನ ಹೆಣ್ಣುಮಕ್ಕಳು?"

ಸಲ್ಮಾ ಪಾತ್ರಗಳ ಪಟ್ಟಿ ತೆಗೆದು ಪೆನ್ನು ಹಿಡಿದರು.

"ನಿಮಗೆಷ್ಟು ಮಂದಿ ಅದಾರ್ರೀ?" ಎಂದು ಕೇಳಿದರು.